ತೈಲ, ದ್ವೀಪ ಮತ್ತು ಬೆನಗಲ್ ನರಸಿಂಗ ರಾವ್

ಅಟ್ಟೂರು, ಯಲಹಂಕದ ಪೆಟ್ರೋಲ್ ಬಂಕ್‌ಗಳ ಮುಂದೆ ನಿಲ್ಲುವ ವಾಹನ ಸವಾರರಿಗೆ ಸಮುದ್ರ ದೂರದ ಮಾತು. ಆದರೆ ಬೆಂಗಳೂರಿಗೆ ಬರುವ ಇಂಧನದ ಗಣನೀಯ ಪಾಲು ಮಂಗಳೂರಿನಿಂದ ಹಾಸನದ ಮೂಲಕ ಸುಮಾರು 360 ಕಿ.ಮೀ. ಉದ್ದದ ಕೊಳವೆಯಲ್ಲಿ ಹರಿದು ದೇವನಗೊಂದಿ ತಲುಪುತ್ತದೆ. ಅದಕ್ಕೂ ಮೊದಲು ಕಚ್ಚಾ ತೈಲ ಹಡಗುಗಳಲ್ಲಿ ಕಡಲು ದಾಟಿ ಬಂದಿರುತ್ತದೆ. ಯುದ್ಧ ಬಂದಾಗ ಒಂದು ರಾಷ್ಟ್ರದ ತೈಲವನ್ನು ತಡೆಯಬಹುದೇ, ಕಡಲಿನ ನಡುವಿನ ದ್ವೀಪ ಯಾರದೆಂದು ಯಾರು ತೀರ್ಮಾನಿಸಬೇಕು ಎಂಬ ಪ್ರಶ್ನೆಗಳು ಏಳು ದಶಕಗಳ ಹಿಂದೆ ವಿಶ್ವಸಂಸ್ಥೆಯ ಮುಂದೆ ಒಟ್ಟಿಗೇ ಬಂದಿದ್ದವು. ಆಗ ಅಲ್ಲಿ ಭಾರತದ ಪರವಾಗಿ ಕುಳಿತಿದ್ದವರು ಅದೇ ಮಂಗಳೂರಿನ ಬೆನಗಲ್ ನರಸಿಂಗ ರಾವ್.

ಸಂವಿಧಾನ ರಚನಾ ಸಭೆಯ ಸಲಹೆಗಾರರೆಂದೇ ಕನ್ನಡಿಗರು ಅವರನ್ನು ಬಲ್ಲರು. 1947ರ ಅಕ್ಟೋಬರ್‌ನಲ್ಲಿ ಸಿದ್ಧವಾದ ಸಂವಿಧಾನದ ಮೊದಲ ಕರಡು ಅವರದೇ ಕೆಲಸ. ಆದರೆ ಅವರ ಬದುಕಿನ ಕೊನೆಯ ಐದು ವರ್ಷಗಳ ಕಥೆ ನಾಡಿನಲ್ಲಿ ಅಷ್ಟಾಗಿ ಚರ್ಚೆಯಾಗಿಲ್ಲ.

1887ರ ಫೆಬ್ರವರಿ 26ರಂದು ಸಾರಸ್ವತ ಕುಟುಂಬವೊಂದರಲ್ಲಿ ಜನಿಸಿದ ರಾವ್, ವೈದ್ಯ ಬೆನಗಲ್ ರಾಘವೇಂದ್ರ ರಾವ್ ಅವರ ಪುತ್ರ. ರಿಸರ್ವ್ ಬ್ಯಾಂಕ್ ಗವರ್ನರ್ ಆದ ಬಿ. ರಾಮ ರಾವ್ ಮತ್ತು ಪತ್ರಕರ್ತ ಬಿ. ಶಿವ ರಾವ್ ಅವರ ಸಹೋದರರು. ಮಂಗಳೂರಿನ ಕೆನರಾ ಹೈಸ್ಕೂಲ್, ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜು ಹಾಗೂ ಕೇಂಬ್ರಿಡ್ಜ್‌ನ ಟ್ರಿನಿಟಿ ಕಾಲೇಜುಗಳಲ್ಲಿ ಓದಿದ ಅವರು 1909ರಲ್ಲಿ ಐಸಿಎಸ್ ತೇರ್ಗಡೆಯಾಗಿ ಬಂಗಾಳ ಪ್ರಾಂತ್ಯದಲ್ಲಿ ಸೇವೆ ಆರಂಭಿಸಿದರು. ಮುಂದೆ ಕಲ್ಕತ್ತಾ ಹೈಕೋರ್ಟ್‌ನ ನ್ಯಾಯಾಧೀಶರಾದರು.

ವ್ಯಾಜ್ಯಗಳನ್ನು ಬಿಡಿಸುವ ಕಲೆ ಅವರಿಗೆ ಒಲಿದದ್ದು ನೀರಿನ ವಿಷಯದಲ್ಲಿ. ಸಿಂಧೂ ನದಿಯ ನೀರಿಗಾಗಿ ಸಿಂಧ್ ಮತ್ತು ಪಂಜಾಬ್ ಪ್ರಾಂತ್ಯಗಳ ನಡುವೆ ಎದ್ದ ತಗಾದೆಯ ವಿಚಾರಣೆಗೆ ನೇಮಕಗೊಂಡ ಆಯೋಗಕ್ಕೆ ಅವರೇ ಅಧ್ಯಕ್ಷರು. 1942ರಲ್ಲಿ ವರದಿ ಸಲ್ಲಿಕೆಯಾಯಿತು. ಹರಿಯುವ ಸಂಪತ್ತಿನ ಮೇಲೆ ಮೇಲಿನವರಿಗೂ ಕೆಳಗಿನವರಿಗೂ ಹಕ್ಕಿದೆ ಎಂಬ ತತ್ವದ ಸೂಕ್ಷ್ಮಗಳನ್ನು ಅವರು ಅಲ್ಲಿಯೇ ಪಳಗಿಸಿಕೊಂಡರು.

1949ರಲ್ಲಿ ವಿಶ್ವಸಂಸ್ಥೆಗೆ ಭಾರತದ ಪ್ರತಿನಿಧಿಯಾಗಿ ತೆರಳಿದ ರಾವ್, ಅಂತಾರಾಷ್ಟ್ರೀಯ ಕಾನೂನು ಆಯೋಗದ ಸದಸ್ಯರೂ ಆದರು. ತೆರೆದ ಸಮುದ್ರದ ಕಾನೂನನ್ನು ಬರಹಕ್ಕಿಳಿಸುವ ಕಾರ್ಯವನ್ನು ಆ ಆಯೋಗ ಕೈಗೆತ್ತಿಕೊಂಡದ್ದು ಅದೇ ವರ್ಷ. 1958ರ ಜಿನೀವಾ ಒಪ್ಪಂದಗಳಿಗೂ, ಅನಂತರ 1982ರ ಸಮುದ್ರ ಕಾನೂನು ಒಪ್ಪಂದಕ್ಕೂ ಅಡಿಪಾಯವಾದದ್ದು ಈ ಕೆಲಸ.

1950ರ ಜೂನ್ 25ರಂದು ಉತ್ತರ ಕೊರಿಯಾದ ಸೇನೆ ದಕ್ಷಿಣಕ್ಕೆ ನುಗ್ಗಿದಾಗ ಭದ್ರತಾ ಮಂಡಳಿಯ ಅಧ್ಯಕ್ಷ ಪೀಠದಲ್ಲಿದ್ದವರು ರಾವ್. ದಾಳಿ ನಿಲ್ಲಿಸಬೇಕೆಂಬ ನಿರ್ಣಯಕ್ಕೆ ಭಾರತ ಮತ ನೀಡಿತು. ಆದರೆ ಎರಡೇ ದಿನಗಳಲ್ಲಿ ವ್ಯಾಜ್ಯ ಕಡಲಿಗೂ ಹಬ್ಬಿತು. ಜೂನ್ 27ರಂದು ಅಮೆರಿಕದ ಅಧ್ಯಕ್ಷ ಟ್ರೂಮನ್ ಏಳನೇ ನೌಕಾಪಡೆಯನ್ನು ತೈವಾನ್ ಜಲಸಂಧಿಗೆ ಕಳುಹಿಸಿದರು. ಚೀನಾದಲ್ಲಿ ಅಧಿಕಾರಕ್ಕೆ ಬಂದು ವರ್ಷವೂ ತುಂಬಿರದ ಕಮ್ಯುನಿಸ್ಟ್ ಸರ್ಕಾರ ತೈವಾನ್ ತನ್ನದೆಂದು ಹೇಳುತ್ತಿತ್ತು. ಚಿಯಾಂಗ್ ಕೈ-ಷೇಕ್ ಅವರ ಸರ್ಕಾರ ಆ ದ್ವೀಪದಲ್ಲಿ ನೆಲೆಯೂರಿ, ವಿಶ್ವಸಂಸ್ಥೆಯಲ್ಲಿ ಚೀನಾದ ಸ್ಥಾನವನ್ನೂ ಉಳಿಸಿಕೊಂಡಿತ್ತು.

ಅದೇ ವರ್ಷದ ಕೊನೆಗೆ ಚೀನಾದ ಸೇನೆ ಕೊರಿಯಾ ಪ್ರವೇಶಿಸಿದ ಮೇಲೆ ಕದನ ವಿರಾಮದ ದಾರಿ ಹುಡುಕಲು ಡಿಸೆಂಬರ್ 14ರಂದು ಮೂವರ ಸಮಿತಿ ರಚನೆಯಾಯಿತು. ಇರಾನಿನ ನಸ್ರೊಲ್ಲಾ ಎಂತೆಜಾಮ್, ಕೆನಡಾದ ಲೆಸ್ಟರ್ ಪಿಯರ್ಸನ್ ಮತ್ತು ಬಿ.ಎನ್. ರಾವ್ ಅದರ ಸದಸ್ಯರು. ನ್ಯೂಯಾರ್ಕ್‌ಗೆ ಬಂದಿದ್ದ ಚೀನಾದ ಪ್ರತಿನಿಧಿ ವು ಷಿಯುಚ್ವಾನ್ ತಿಂಗಳು ಮುಗಿಯುವ ಮುನ್ನವೇ ಹಿಂದಿರುಗಿದರು. ತೈವಾನ್ ವಿಷಯ ಬಿಟ್ಟು ಕೊರಿಯಾದ ಮಾತು ಮಾತ್ರ ಆಡಲು ಬೀಜಿಂಗ್ ಒಪ್ಪಲಿಲ್ಲ. ಸಮಿತಿ ಧೃತಿಗೆಡದೆ 1951ರ ಜನವರಿಯಲ್ಲಿ ಐದು ತತ್ವಗಳನ್ನು ಮುಂದಿಟ್ಟಿತು. ಕದನ ನಿಂತ ನಂತರ ಚೀನಾವನ್ನೂ ಒಳಗೊಂಡ ಸಭೆ ತೈವಾನ್ ಮತ್ತು ವಿಶ್ವಸಂಸ್ಥೆಯ ಪ್ರಾತಿನಿಧ್ಯವನ್ನು ಚರ್ಚಿಸಲಿ ಎಂಬುದು ಅವುಗಳಲ್ಲೊಂದು. ಮೊದಲು ಕದನ ವಿರಾಮ ಎಂಬ ಕ್ರಮವನ್ನು ಚೀನಾ ತಿರಸ್ಕರಿಸಿತು.

ಅನಂತರ ಅಮೆರಿಕದ ಒತ್ತಡ ಹೆಚ್ಚಿತು. ಫೆಬ್ರವರಿ 1ರಂದು ಚೀನಾವನ್ನು ಆಕ್ರಮಣಕಾರಿ ಎಂದು ಘೋಷಿಸುವ ನಿರ್ಣಯ 44 ಮತಗಳಿಂದ ಅಂಗೀಕಾರವಾಯಿತು. ವಿರುದ್ಧ ಬಿದ್ದದ್ದು ಏಳೇ ಮತ. ಸೋವಿಯತ್ ಬಣದ ಐದನ್ನು ಬಿಟ್ಟರೆ ಉಳಿದವು ಭಾರತ ಮತ್ತು ಬರ್ಮಾ. ನಿಂದನೆಯಿಂದ ಸಂಧಾನದ ಬಾಗಿಲು ಮುಚ್ಚುತ್ತದೆ ಎಂಬುದು ಭಾರತದ ವಾದವಾಗಿತ್ತು.

ಮೇ 18ರಂದು ಮತ್ತೊಂದು ನಿರ್ಣಯ ಬಂತು. ಚೀನಾಕ್ಕೆ ಶಸ್ತ್ರಾಸ್ತ್ರಗಳ ಜೊತೆಗೆ ಪೆಟ್ರೋಲಿಯಂ ಸಾಗಣೆಯನ್ನೂ ನಿಲ್ಲಿಸಲು ಎಲ್ಲ ರಾಷ್ಟ್ರಗಳಿಗೆ ಶಿಫಾರಸು ಮಾಡುವ ನಿರ್ಣಯವದು. ಪರವಾಗಿ 47 ಮತಗಳು ಬಿದ್ದವು. ತಟಸ್ಥವಾಗುಳಿದ ಎಂಟು ರಾಷ್ಟ್ರಗಳಲ್ಲಿ ಭಾರತವೂ ಒಂದು.

ಈ ಪೆಟ್ಟು ಬಿದ್ದದ್ದು ಮರ್ಮಸ್ಥಾನಕ್ಕೆ. 1949ರಲ್ಲಿ ಚೀನಾದ ಕಚ್ಚಾ ತೈಲ ಉತ್ಪಾದನೆ ಸುಮಾರು 1.2 ಲಕ್ಷ ಟನ್ ಮಾತ್ರ. ಗನ್ಸು ಪ್ರಾಂತ್ಯದ ಯುಮೆನ್ ಬಾವಿಗಳೇ ಮುಖ್ಯ ಆಸರೆ. ದಾಚಿಂಗ್‌ನ ಮಹಾ ನಿಕ್ಷೇಪ ಪತ್ತೆಯಾಗಲು 1959 ಬರಬೇಕಾಯಿತು. ಆದರೂ ನಿರ್ಬಂಧದಿಂದ ಯುದ್ಧ ನಿಲ್ಲಲಿಲ್ಲ. ಚೀನಾ ಸೋವಿಯತ್ ಒಕ್ಕೂಟದ ತೈಲವನ್ನು ನೆಚ್ಚಿಕೊಂಡಿತು. ಹೋರಾಟ ಇನ್ನೂ ಎರಡು ವರ್ಷ ನಡೆಯಿತು.

ದ್ವೀಪಗಳ ಪ್ರಶ್ನೆಯೂ ಬಗೆಹರಿಯಲಿಲ್ಲ. 1951ರ ಆಗಸ್ಟ್ 15ರಂದು ಚೌ ಎನ್-ಲಾಯ್ ಪ್ಯಾರಾಸೆಲ್ ಮತ್ತು ಸ್ಪ್ರಾಟ್ಲಿ ದ್ವೀಪಗಳೂ ಚೀನಾದವೇ ಎಂದು ಸಾರಿದರು. ಮರುತಿಂಗಳು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಸಹಿಯಾದ ಶಾಂತಿ ಒಪ್ಪಂದದಲ್ಲಿ ಜಪಾನ್ ಈ ದ್ವೀಪಗಳನ್ನೂ ತೈವಾನನ್ನೂ ಬಿಟ್ಟುಕೊಟ್ಟಿತು. ಯಾರಿಗೆ ಬಿಟ್ಟುಕೊಟ್ಟಿತೆಂಬುದನ್ನು ಒಪ್ಪಂದ ಹೇಳಲಿಲ್ಲ. ಭಾರತ ಆ ಸಮ್ಮೇಳನಕ್ಕೆ ಹೋಗಲಿಲ್ಲ. ತೈವಾನ್ ಚೀನಾಕ್ಕೆ ಮರಳುವ ಸ್ಪಷ್ಟ ಮಾತು ಕರಡಿನಲ್ಲಿ ಇರದಿದ್ದುದು ಅದಕ್ಕೆ ನೀಡಿದ ಕಾರಣಗಳಲ್ಲೊಂದು.

ಅದೇ ಅಕ್ಟೋಬರ್‌ನಲ್ಲಿ ರಾವ್ ಎದುರು ಇನ್ನೊಂದು ತೈಲ ವ್ಯಾಜ್ಯ ನಿಂತಿತು. ತೈಲೋದ್ಯಮವನ್ನು ರಾಷ್ಟ್ರೀಕರಿಸಿದ ಇರಾನ್ ವಿರುದ್ಧ ಬ್ರಿಟನ್ ಭದ್ರತಾ ಮಂಡಳಿಗೆ ದೂರಿತ್ತಿತು. ಪ್ರಧಾನಿ ಮೊಸಾದಿಕ್ ಸ್ವತಃ ನ್ಯೂಯಾರ್ಕ್‌ಗೆ ಬಂದರು. ಬ್ರಿಟಿಷ್ ಕರಡಿನ ಕಟುತ್ವ ತಗ್ಗಿಸಲು ಭಾರತ ಮತ್ತು ಯುಗೊಸ್ಲಾವಿಯ ತಿದ್ದುಪಡಿಗಳನ್ನು ಮಂಡಿಸಿದವು. ಕೊನೆಗೆ ಮಂಡಳಿ ಚರ್ಚೆಯನ್ನು ಮುಂದೂಡಿತು.

1952ರಲ್ಲಿ ರಾವ್ ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದಾಗ ಅದೇ ಇರಾನ್ ಪ್ರಕರಣ ಅಲ್ಲಿ ವಿಚಾರಣೆಗೆ ಬಂತು. ಭದ್ರತಾ ಮಂಡಳಿಯಲ್ಲಿ ಈ ವಿಷಯದಲ್ಲಿ ಭಾರತವನ್ನು ಪ್ರತಿನಿಧಿಸಿದ್ದ ಕಾರಣಕ್ಕೆ ಅವರು ಪೀಠದಿಂದ ದೂರ ಉಳಿದರು. ಜುಲೈ 22ರಂದು ನ್ಯಾಯಾಲಯ ತನಗೆ ಅಧಿಕಾರ ವ್ಯಾಪ್ತಿ ಇಲ್ಲವೆಂದು ತೀರ್ಪಿತ್ತಿತು. ಶತಮಾನದ ಅತಿ ದೊಡ್ಡ ತೈಲ ಮೊಕದ್ದಮೆಗಳಲ್ಲಿ ಒಂದರ ತೀರ್ಪಿನಲ್ಲಿ ಮಂಗಳೂರಿನ ನ್ಯಾಯಾಧೀಶರ ಹೆಸರಿಲ್ಲ.

ಕೊರಿಯಾದಲ್ಲಿ ಕದನ ವಿರಾಮಕ್ಕೆ ಸಹಿ ಬಿದ್ದದ್ದು 1953ರ ಜುಲೈ 27ರಂದು, ಸುದೀರ್ಘ ಮಾತುಕತೆಯ ಮೂಲಕವೇ. ಯುದ್ಧ ಕೈದಿಗಳ ವಾಪಸಾತಿಯ ಉಸ್ತುವಾರಿ ಹೊತ್ತ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷತೆ ಕೊಡಗಿನ ಜನರಲ್ ಕೆ.ಎಸ್. ತಿಮ್ಮಯ್ಯ ಅವರಿಗೆ ಒಲಿಯಿತು. ಆ ಕಾರ್ಯ ಮುಗಿಯುವ ಮುನ್ನವೇ, ನವೆಂಬರ್ 30ರಂದು, ರಾವ್ ಜ್ಯೂರಿಕ್‌ನಲ್ಲಿ ಕ್ಯಾನ್ಸರ್‌ನಿಂದ ನಿಧನರಾದರು. ಅವರಿಗೆ 66 ವರ್ಷ ವಯಸ್ಸಾಗಿತ್ತು.

ಏಳು ತಿಂಗಳ ನಂತರ, 1954ರ ಜೂನ್‌ನಲ್ಲಿ, ಸೀಮೆಎಣ್ಣೆ ಹೊತ್ತು ಸಾಗುತ್ತಿದ್ದ ಸೋವಿಯತ್ ಟ್ಯಾಂಕರ್ ಟುವಾಪ್ಸೆಯನ್ನು ತೈವಾನ್ ನೌಕಾಪಡೆ ತೆರೆದ ಸಮುದ್ರದಲ್ಲಿ ವಶಪಡಿಸಿಕೊಂಡಿತು. ದ್ವೀಪದ ವ್ಯಾಜ್ಯ ಬಗೆಹರಿಯದೆ ತೈಲದ ದಾರಿ ಸುರಕ್ಷಿತವಾಗದು ಎಂಬುದಕ್ಕೆ ಅದು ಕಣ್ಣೆದುರಿನ ಸಾಕ್ಷಿ. ತೈವಾನ್ ಮತ್ತು ದಕ್ಷಿಣ ಚೀನಾ ಸಮುದ್ರದ ಪ್ರಶ್ನೆಗಳು ಈಗಲೂ ಜೀವಂತ. 2016ರ ಅಂತಾರಾಷ್ಟ್ರೀಯ ಪಂಚಾಯ್ತಿ ತೀರ್ಪನ್ನು ಚೀನಾ ಒಪ್ಪಿಲ್ಲ. ಇಂದು ಅದು ತನಗೆ ಬೇಕಾದ ಕಚ್ಚಾ ತೈಲದಲ್ಲಿ ಶೇ. 70ಕ್ಕೂ ಹೆಚ್ಚನ್ನು ಹೊರಗಿನಿಂದ ತರಿಸುತ್ತದೆ.

ಭಾರತದ ಅವಲಂಬನೆ ಅದಕ್ಕಿಂತಲೂ ಹೆಚ್ಚು. ಆಪತ್ಕಾಲಕ್ಕೆಂದು ಕಚ್ಚಾ ತೈಲ ಕೂಡಿಡಲು ಮಂಗಳೂರಿನಲ್ಲಿ 15 ಲಕ್ಷ ಟನ್, ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್ ಸಾಮರ್ಥ್ಯದ ಭೂಗತ ಗುಹೆಗಳನ್ನು ಬಂಡೆ ಕೊರೆದು ನಿರ್ಮಿಸಲಾಗಿದೆ. ತೈಲ ತಡೆಯುವ ನಿರ್ಣಯಕ್ಕೆ ಕೈ ಎತ್ತದೆ, ಎದುರಾಳಿಯನ್ನೂ ಮಾತುಕತೆಯ ಮೇಜಿಗೆ ಕರೆಯಬೇಕೆಂದು ಹಟ ಹಿಡಿದ ಭಾರತದ ಪ್ರತಿನಿಧಿ ಹುಟ್ಟಿ ಬೆಳೆದದ್ದು ಇದೇ ಕರಾವಳಿಯಲ್ಲಿ.