ಬಾಲಕರಿಗೆ ಚಿತ್ರಪುಸ್ತಕವನ್ನು ಮಾಡಿದ ಕೊಮೇನಿಯಸನು

ಬೆಂಗಳೂರಿನ ಪಡುವಣ ಭಾಗದ ಹೊಸಹಳ್ಳಿಯ ಮೆಟ್ರೋ ನಿಲ್ದಾಣದಲ್ಲಿ ಊರ ಹೆಸರು ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಬರೆದಿರುತ್ತದೆ. ಓದಲು ತೊಡಗಿದ ಮಗುವು ತಾನು ಬಲ್ಲ ಅಕ್ಷರಗಳನ್ನು ಮೊದಲು ಓದಿ, ಅವುಗಳ ಬಲದಿಂದ ಮಿಕ್ಕವುಗಳನ್ನು ಊಹಿಸಿಕೊಳ್ಳುವದು. ಅದೇ ಪಟ್ಟಣದಲ್ಲಿ 2004ರಲ್ಲಿ ಸ್ಥಾಪಿತವಾದ ಪ್ರಥಮ್ ಬುಕ್ಸ್ ಎಂಬ ಸಂಸ್ಥೆಯವರು ಎರಡು ಭಾಷೆಗಳುಳ್ಳ ಚಿತ್ರಪುಸ್ತಕಗಳನ್ನು ಹೊರಡಿಸಿದ್ದಾರೆ. ಇಂಥ ಪುಸ್ತಕವನ್ನು ಮುನ್ನೂರೈವತ್ತು ವರುಷಗಳಿಗೂ ಹಿಂದೆ ಯೂರೋಪಿನ ಮಕ್ಕಳ ಕೈಗೆ ಕೊಟ್ಟವನು ಯೋಹಾನ್ ಆಮೋಸ್ ಕೊಮೇನಿಯಸನೆಂಬ ಸಭಾಪಾಲಕನು.

ಆತನು 1592ನೆಯ ಇಸವಿ ಮಾರ್ಚಿ 28ರಲ್ಲಿ, ಈಗಿನ ಚೆಕ್ ರಾಜ್ಯಕ್ಕೆ ಸೇರಿದ ಮೊರಾವಿಯ ಸೀಮೆಯಲ್ಲಿ ಹುಟ್ಟಿದನು. ತಂದೆತಾಯಿಗಳು ಯಾನ್ ಹುಸನ ಬೋಧನೆಯಿಂದ ಉಂಟಾದ ಸಹೋದರರ ಸಭೆಯವರು. ಸುಮಾರು ಹನ್ನೆರಡನೆಯ ವಯಸ್ಸಿನಲ್ಲಿ ಆತನು ತಬ್ಬಲಿಯಾದನು. ಲ್ಯಾಟಿನ್ ಪಾಠಶಾಲೆಯನ್ನು ಸೇರುವಾಗ ಹದಿನಾರು ತುಂಬಿತ್ತು. ಅಲ್ಲಿ ಅರಿಯದ ಭಾಷೆಯ ವ್ಯಾಕರಣಸೂತ್ರಗಳನ್ನು ಆ ಅರಿಯದ ಭಾಷೆಯಲ್ಲೇ ಬಾಯಿಪಾಠ ಮಾಡಿಸುತ್ತಿದ್ದರು, ತಪ್ಪಿದವನಿಗೆ ಬೆತ್ತ. ಚಿಕ್ಕವರು ಅಳುತ್ತಾ ಸಹಿಸಿದ ಆ ಪದ್ಧತಿಯ ಬುದ್ಧಿಹೀನತೆಯು ವಯಸ್ಸಿನಲ್ಲಿ ದೊಡ್ಡವನಾದ ಇವನಿಗೆ ಕಂಡುಬಂತು.

1616ರಲ್ಲಿ ಸಭಾಸೇವೆಗೆ ಪ್ರತಿಷ್ಠಿತನಾಗಿ, ತರುವಾಯ ಫುಲ್ನೆಕ್ ಊರಿನ ಸಭೆಯನ್ನು ನೋಡಿಕೊಂಡನು. ಮತಯುದ್ಧವು ಎದ್ದು 1621ರಲ್ಲಿ ಸೈನಿಕರು ಆ ಊರನ್ನು ಸೂರೆಮಾಡಿದರು. ಮರುವರುಷ ಹೆಂಡತಿಯೂ ಇಬ್ಬರು ಮಕ್ಕಳೂ ವ್ಯಾಧಿಯಿಂದ ತೀರಿಹೋದರು. 1628ರಲ್ಲಿ ಪೋಲೆಂಡಿನ ಲೆಶ್ನೋ ಪಟ್ಟಣಕ್ಕೆ ಓಡಿಹೋದವನು ಜನ್ಮಭೂಮಿಗೆ ಹಿಂದಿರುಗಲೇ ಇಲ್ಲ.

1631ರಲ್ಲಿ ಸುಮಾರು ಸಾವಿರ ವಾಕ್ಯಗಳುಳ್ಳ ಲ್ಯಾಟಿನ್ ಪಾಠಪುಸ್ತಕವನ್ನು ಪ್ರಕಟಿಸಿ ಪ್ರಸಿದ್ಧನಾದನು. ಆದರೂ ಅದು ಎಳೆಯರಿಗೆ ಭಾರವಾಯಿತು. ಹೀಗಿರಲಾಗಿ, 1650ರಿಂದ 1654ರ ವರೆಗೆ ಹಂಗೇರಿಯ ಶಾರೋಶ್‌ಪಟಾಕಿನಲ್ಲಿ ಶಾಲೆಯನ್ನು ನಡಿಸುತ್ತಿದ್ದಾಗ ಚಿತ್ರಪುಸ್ತಕವನ್ನು ಬರೆದನು. ಚಿತ್ರ ಕೆತ್ತುವ ಕುಶಲಿಯು ಅಲ್ಲಿ ಸಿಕ್ಕದ್ದರಿಂದ ಅದು 1658ರಲ್ಲಿ ಜರ್ಮನಿಯ ನ್ಯೂರೆಂಬರ್ಗಿನಲ್ಲಿ ಅಚ್ಚಾಯಿತು.

ಪುಸ್ತಕದ ಕ್ರಮವನ್ನು ಕೇಳಿರಿ. ಮೊದಲು ಅಕ್ಷರಗಳು: ಕಾಗೆಯ ಕೂಗು, ಕುರಿಮರಿಯ ಅರಚು, ಕೂಸಿನ ಅಳು, ಗಾಳಿಯ ಸದ್ದು ಇವುಗಳಿಂದಲೇ ಒಂದೊಂದು ಅಕ್ಷರದ ಧ್ವನಿ. ಆಮೇಲೆ ಸುಮಾರು ನೂರೈವತ್ತು ಪಾಠಗಳು, ಪಾಠಕ್ಕೊಂದು ಚಿತ್ರ. ರೊಟ್ಟಿ ಸುಡುವವನ ಚಿತ್ರದಲ್ಲಿ ಜರಡಿ, ಹಿಟ್ಟು ನಾದುವ ಮರಿಗೆ, ಒಲೆ ಮೊದಲಾದವುಗಳಿಗೆ ಅಂಕೆಗಳಿವೆ. ಕೆಳಗೆ ಒಂದು ಸಾಲಿನಲ್ಲಿ ಲ್ಯಾಟಿನ್, ಪಕ್ಕದಲ್ಲಿ ಜರ್ಮನ್. ಮಾತುಗಳ ಬಳಿಯಲ್ಲಿ ಅವೇ ಅಂಕೆಗಳು. ಮಗುವು ವಸ್ತುವನ್ನು ಕಂಡು, ಮನೆಮಾತಿನಲ್ಲಿ ಹೆಸರಿಸಿ, ಬಳಿಕ ಪರಭಾಷೆಗೆ ಕೈಚಾಚುವದು. ಬಡವರ ಮಕ್ಕಳೂ ಹೆಣ್ಣುಮಕ್ಕಳೂ ಆರರಿಂದ ಹನ್ನೆರಡು ವರುಷಗಳ ವರೆಗೆ ತಾಯಿನುಡಿಯಲ್ಲೇ ಕಲಿಯಬೇಕೆಂಬದು ಆತನ ಮತ. ಇಂಗ್ಲಿಷು ಬೇಗ ಬರಲೆಂದು ಮಗುವಿನ ಕನ್ನಡವನ್ನು ಅಡಗಿಸುವ ತಂದೆತಾಯಿಗಳು ನಮ್ಮಲ್ಲೂ ಇದ್ದಾರೆ. ಈತನು ಅವರ ಪಕ್ಷದವನಲ್ಲ.

ಪುಸ್ತಕವು ಹೊರಡುವದಕ್ಕೆ ಎರಡು ವರುಷ ಮೊದಲು, 1656ರಲ್ಲಿ, ಯುದ್ಧದ ಬೆಂಕಿಗೆ ಲೆಶ್ನೋ ಪಟ್ಟಣವು ತುತ್ತಾಯಿತು. ಅರುವತ್ತುನಾಲ್ಕು ವಯಸ್ಸಿನ ಮುದುಕನ ಮನೆಯೂ, ನಾಲ್ವತ್ತಕ್ಕೂ ಹೆಚ್ಚು ವರುಷ ದುಡಿದು ಕೂಡಿಸಿದ ಚೆಕ್ ಭಾಷೆಯ ಕೋಶವೂ ಬೂದಿಯಾದವು. ಆತನು ಆಮ್‌ಸ್ಟರ್‌ಡಾಮಿನಲ್ಲಿ ಆಶ್ರಯಪಡೆದು, 1670ರ ನವಂಬರಿನಲ್ಲಿ ನಿದ್ರೆಹೋದನು. ಚಿತ್ರಪುಸ್ತಕವು 1659ರಲ್ಲಿಯೇ ಇಂಗ್ಲಿಷಿಗೆ ಬಂದಿತ್ತು. ಆತನ ಸ್ವಂತ ಚೆಕ್ ನುಡಿಯನ್ನೊಳಗೊಂಡು ಅಚ್ಚಾದದ್ದು 1685ರಲ್ಲಿ, ಆತನು ಹೋಗಿ ಹದಿನೈದು ವರುಷಗಳಾದ ಮೇಲೆ.