ಕಬ್ಬಿನ ಸೀಮೆಯ ಖಡ್ಗಮೃಗ
ರಾಯಬಾಗದ ಪಕ್ಕದ ಗೋಕಾಕದಲ್ಲಿ ಒಂದು ಕಾಲಕ್ಕೆ ಖಡ್ಗಮೃಗ ಇತ್ತು ಅಂದ್ರೆ ನಂಬ್ತೀರಾ? ಘಟಪ್ರಭಾ ಬಯಲಲ್ಲಿ ಸಿಕ್ಕ ಅದರ ಪಳೆಯುಳಿಕೆಯನ್ನು ಹೊಸ ಪ್ರಭೇದ ಎಂದು ಗುರುತಿಸಿ, 1874ರಲ್ಲಿ ದಖ್ಖನ್ನಿನ ಹೆಸರಿಟ್ಟವರು ರಾಬರ್ಟ್ ಬ್ರೂಸ್ ಫೂಟ್.

1834ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಫೂಟ್, 1858ರಲ್ಲಿ ಭಾರತದ ಭೂವೈಜ್ಞಾನಿಕ ಸರ್ವೇಕ್ಷಣೆ ಸೇರಿದರು. ಬಂಡೆ ಓದೋದು ನೌಕರಿ, ಶಿಲಾಯುಗದ ಕಲ್ಲು ಹುಡುಕೋದು ಖಯಾಲಿ. 1863ರಲ್ಲಿ ಮದ್ರಾಸ್ ಬಳಿಯ ಪಲ್ಲಾವರಂನಲ್ಲಿ ಮೊದಲ ಕಲ್ಲಿನ ಆಯುಧ ಸಿಕ್ಕಿತು.

ಎಲ್ಲವನ್ನೂ ಒಬ್ಬರೇ ಮಾಡಲಿಲ್ಲ. ಕರ್ನೂಲು ಸೀಮೆಯ ಬಿಲ್ಲಾ ಸರ್ಗಂ ಗುಹೆಗಳ ಅಗೆತ ನೋಡಿಕೊಂಡವನು ಸೈನ್ಯದಲ್ಲಿದ್ದ ಮಗ ಹೆನ್ರಿ (ಅಪ್ಪನ ಹುಚ್ಚು ಮಗನಿಗೂ!). ಅಲ್ಲಿನ ಮೂಳೆಗಳು ಯಾವ ಪ್ರಾಣಿಯವು ಅಂತ ಗುರುತಿಸಿದವರು ರಿಚರ್ಡ್ ಲಿಡೆಕ್ಕರ್. ಇವರೆಲ್ಲರ ಹೆಸರೂ ನಮಗೆ ಗೊತ್ತು. ಗುದ್ದಲಿ ಹಿಡಿದವರದ್ದು?

ಫೂಟ್ 1912ರಲ್ಲಿ ತೀರಿಕೊಂಡರು. ಕೂಡಿಟ್ಟ ಕಲ್ಲುಗಳನ್ನು ಅದಕ್ಕೂ ಮೊದಲೇ ಮದ್ರಾಸ್ ಮ್ಯೂಸಿಯಂಗೆ ಮಾರಿದ್ದರು.