ಹೈಸ್ಕೂಲ್ ಮಾಸ್ತರರು ಕಂಡ ನಿಯಮ: ಜಾರ್ಜ್ ಸೈಮನ್ ಓಮ್

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಗೆ ಒಬ್ಬ ವಿಜ್ಞಾನಿಯ ಬಗ್ಗೆ ಬರೆಯಬೇಕೆಂದಾಗ ನನಗೆ ಮೊದಲು ನೆನಪಾದವರು ಜಾರ್ಜ್ ಸೈಮನ್ ಓಮ್. ಹತ್ತನೆಯ ತರಗತಿ ಓದಿದ ಎಲ್ಲರಿಗೂ ಓಮ್‌ನ ನಿಯಮ ಗೊತ್ತು. ಆದರೆ ಅದನ್ನು ಕಂಡುಹಿಡಿದಾಗ ಅವರು ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾಗಿರಲಿಲ್ಲ. ನಮ್ಮ ಗುರುಗಳ ಹಾಗೆ ಹೈಸ್ಕೂಲ್ ಮಾಸ್ತರರಾಗಿದ್ದರು. ಇದು ನನಗೆ ತಿಳಿದದ್ದು ಬಿ.ಇ. ಓದುವಾಗ.

ಓಮ್ ಹುಟ್ಟಿದ್ದು 1789ರ ಮಾರ್ಚ್ 16ರಂದು, ಜರ್ಮನಿಯ ಎರ್ಲಾಂಗೆನ್ ಊರಿನಲ್ಲಿ. ತಂದೆ ಕೀಲಿ ತಯಾರಿಸುವ ಕಸಬಿನವರು, ತಾಯಿ ದರ್ಜಿಯ ಮಗಳು. ಹತ್ತು ವರ್ಷದವರಿದ್ದಾಗ ತಾಯಿ ತೀರಿಕೊಂಡರು. ತಂದೆ ಹೆಚ್ಚು ಶಾಲೆ ಕಲಿತವರಲ್ಲ. ಆದರೂ ತಾವೇ ಓದಿ ಗಣಿತ, ವಿಜ್ಞಾನ ತಿಳಿದುಕೊಂಡು ಮಕ್ಕಳಿಗೆ ಮನೆಯಲ್ಲೇ ಪಾಠ ಹೇಳಿದರು. ತಮ್ಮ ಮಾರ್ಟಿನ್ ಮುಂದೆ ಗಣಿತಜ್ಞರಾದರು.

1805ರಲ್ಲಿ ಜಾರ್ಜ್ ವಿಶ್ವವಿದ್ಯಾಲಯ ಸೇರಿದರು. ಅಲ್ಲಿ ಓದಿಗಿಂತ ಕುಣಿತ, ಬಿಲಿಯರ್ಡ್ಸ್, ಮಂಜಿನ ಮೇಲೆ ಜಾರುವ ಆಟಗಳೇ ಹೆಚ್ಚಾದವು. ತಂದೆ ಸಿಟ್ಟಾಗಿ ಮೂರು ಸೆಮಿಸ್ಟರ್‌ಗೇ ಓದು ಬಿಡಿಸಿದರು. ಹುಡುಗ ಸ್ವಿಟ್ಜರ್ಲೆಂಡಿನ ಒಂದು ಶಾಲೆಯಲ್ಲಿ ಗಣಿತ ಮಾಸ್ತರನಾಗಬೇಕಾಯಿತು. ಅಲ್ಲಿ ಸ್ವಂತ ಓದು ಮುಂದುವರಿಸಿ 1811ರಲ್ಲಿ ಡಾಕ್ಟರೇಟ್ ಪಡೆದರು. ಆದರೂ ತಕ್ಕ ಕೆಲಸ ಸಿಗಲಿಲ್ಲ. 1817ರಲ್ಲಿ ಕೊಲೋನ್ ನಗರದ ಪ್ರೌಢಶಾಲೆಯಲ್ಲಿ ಗಣಿತ ಮತ್ತು ಭೌತವಿಜ್ಞಾನದ ಶಿಕ್ಷಕರಾದರು. ಅಲ್ಲಿ ಒಂದು ಒಳ್ಳೆಯ ಪ್ರಯೋಗಾಲಯವಿತ್ತು. ಉಪಕರಣ ಮಾಡುವ ಕೈಚಳಕ ತಂದೆಯಿಂದ ಬಂದಿತ್ತು.

ಅವರ ಮುಂದಿದ್ದ ಪ್ರಶ್ನೆ ಸರಳ: ತಂತಿ ಉದ್ದವಾದಷ್ಟೂ ಕರೆಂಟ್ ಎಷ್ಟು ಕಡಿಮೆಯಾಗುತ್ತದೆ? 1825ರಲ್ಲಿ ಮೊದಲು ಬಳಸಿದ ಬ್ಯಾಟರಿಯ ಬಲ ಒಂದೇ ಸಮ ನಿಲ್ಲುತ್ತಿರಲಿಲ್ಲ. ಆಗ ಪತ್ರಿಕಾ ಸಂಪಾದಕ ಪೊಗೆನ್‌ಡಾರ್ಫ್ ಅವರ ಸಲಹೆಯಂತೆ ಬಿಸ್ಮತ್ ಮತ್ತು ತಾಮ್ರವನ್ನು ಜೋಡಿಸಿ, ಒಂದು ಕೂಡುತುದಿಯನ್ನು ಕುದಿಯುವ ನೀರಿನ ಬಿಸಿಯಲ್ಲಿ, ಇನ್ನೊಂದನ್ನು ಮಂಜುಗಡ್ಡೆಯ ತಂಪಿನಲ್ಲಿ ಇಟ್ಟರು. ಈ ಬಿಸಿ–ತಂಪಿನ ಅಂತರದಿಂದ ಸ್ಥಿರವಾದ ಕರೆಂಟ್ ಸಿಕ್ಕಿತು. ಬೇರೆ ಬೇರೆ ಉದ್ದದ ಎಂಟು ತಾಮ್ರದ ತಂತಿಗಳನ್ನು ಒಂದೊಂದಾಗಿ ಜೋಡಿಸಿ, ತೂಗುಬಿಟ್ಟ ಅಯಸ್ಕಾಂತದ ಸೂಜಿ ಎಷ್ಟು ತಿರುಗಲು ಎಳೆಯುತ್ತದೆ ಎಂದು ಅಳೆದು ಬರೆದುಕೊಂಡರು. ಈ ಅಂಕಿಗಳಿಂದಲೇ ನಿಯಮ ಹೊರಟಿತು.

ಅರ್ಧ ಸಂಬಳದ ಮೇಲೆ ಒಂದು ವರ್ಷ ರಜೆ ಪಡೆದು ಬರ್ಲಿನ್‌ಗೆ ಹೋಗಿ ಬರೆದ ಪುಸ್ತಕ 1827ರಲ್ಲಿ ಪ್ರಕಟವಾಯಿತು. ಗಣಿತದ ಮೂಲಕ ವಿದ್ಯುತ್ತನ್ನು ವಿವರಿಸುವ ಅವರ ರೀತಿ ಆಗಿನ ಹಲವು ಪಂಡಿತರಿಗೆ ಹಿಡಿಸಲಿಲ್ಲ. ಆಸೆಪಟ್ಟ ವಿಶ್ವವಿದ್ಯಾಲಯದ ಹುದ್ದೆ ಬರಲಿಲ್ಲ. ನೊಂದು ಮರುವರ್ಷ ಶಾಲೆಯ ಕೆಲಸವನ್ನೂ ಬಿಟ್ಟರು. ಐದು ವರ್ಷ ಬರ್ಲಿನ್‌ನಲ್ಲಿ ಸಣ್ಣಪುಟ್ಟ ಪಾಠದ ಕೆಲಸದಲ್ಲಿ ಕಳೆದು, 1833ರಲ್ಲಿ ನ್ಯೂರೆಂಬರ್ಗ್‌ನ ಪಾಲಿಟೆಕ್ನಿಕ್ ಸೇರಿದರು. 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಕಾಪ್ಲಿ ಪದಕ ಕೊಟ್ಟಿತು. ಮ್ಯೂನಿಕ್ ವಿಶ್ವವಿದ್ಯಾಲಯದ ಭೌತವಿಜ್ಞಾನ ಪ್ರಾಧ್ಯಾಪಕ ಹುದ್ದೆ ಸಿಕ್ಕಿದ್ದು 1852ರಲ್ಲಿ. 1854ರ ಜುಲೈ 6ರಂದು ತೀರಿಕೊಂಡರು. 1881ರಲ್ಲಿ ಪ್ಯಾರಿಸ್‌ನ ಅಂತರರಾಷ್ಟ್ರೀಯ ಸಮ್ಮೇಳನ ರೋಧದ ಮಾನಕ್ಕೆ ಅವರ ಹೆಸರನ್ನೇ ಒಪ್ಪಿಕೊಂಡಿತು.

ಆ ಮಾಸ್ತರರ ಲೆಕ್ಕ ನಮ್ಮ ಮನೆ, ಹೊಲಗಳಲ್ಲಿ ದಿನವೂ ನಡೆಯುತ್ತಿದೆ. ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದರೆ ರೋಧ. ಗುಣಿಸಿದರೆ ವಿದ್ಯುತ್ ಸಾಮರ್ಥ್ಯ. 220 ವೋಲ್ಟಿನಲ್ಲಿ ಇಸ್ತ್ರಿಪೆಟ್ಟಿಗೆ 5 ಆಂಪಿಯರ್ ಎಳೆದರೆ ಅದರ ರೋಧ 44 ಓಮ್, ಸಾಮರ್ಥ್ಯ 1100 ವ್ಯಾಟ್. ಈಗ ಟಿ.ಸಿ.ಯಿಂದ ದೂರದ ಮನೆಯೊಂದನ್ನು ನೋಡಿ. ತಂತಿಯ ಒಟ್ಟು ರೋಧ 2 ಓಮ್ ಇದ್ದು 10 ಆಂಪಿಯರ್ ಹರಿದರೆ ತಂತಿಯಲ್ಲೇ 20 ವೋಲ್ಟ್ ಇಳಿಯುತ್ತದೆ. 230 ಹೊರಟಿದ್ದರೆ ಮನೆಗೆ ತಲುಪುವುದು 210. ಆ 20 ವೋಲ್ಟನ್ನು 10 ಆಂಪಿಯರಿನಿಂದ ಗುಣಿಸಿದರೆ 200 ವ್ಯಾಟ್ ತಂತಿಯ ಬಿಸಿಯಾಗಿ ಹೋಯಿತು. ಕರೆಂಟ್ ಅರ್ಧವಾದರೆ ಈ ನಷ್ಟ 50 ವ್ಯಾಟ್ ಮಾತ್ರ, ಅಂದರೆ ಕಾಲುಭಾಗ. ಶಾಖ ಕರೆಂಟಿನ ವರ್ಗಕ್ಕೆ ತಕ್ಕಂತೆ ಹೆಚ್ಚುತ್ತದೆ ಎಂದು ತೋರಿಸಿದವರು ಇಂಗ್ಲೆಂಡಿನ ಜೂಲ್.

ಬಸವನ ಬಾಗೇವಾಡಿ ಸೀಮೆಯ ಕೂಡಗಿಯಲ್ಲಿ 2400 ಮೆಗಾವ್ಯಾಟ್ ಸ್ಥಾವರವಿದೆ, ಆಲಮಟ್ಟಿಯಲ್ಲಿ 290 ಮೆಗಾವ್ಯಾಟಿನ ಜಲವಿದ್ಯುತ್ ಕೇಂದ್ರವಿದೆ. ಕೂಡಗಿಯ ವಿದ್ಯುತ್ತನ್ನು ನಾಲ್ಕು ಲಕ್ಷ ವೋಲ್ಟಿಗೆ ಏರಿಸಿ ಕಳಿಸುವುದು ಇದೇ ಕಾರಣಕ್ಕೆ: ವೋಲ್ಟೇಜ್ ಹೆಚ್ಚಿದಷ್ಟೂ ಅದೇ ಸಾಮರ್ಥ್ಯಕ್ಕೆ ಕರೆಂಟ್ ಕಡಿಮೆ ಸಾಕು, ದಾರಿಯ ನಷ್ಟವೂ ಕಡಿಮೆ.

ಇಂಡಿಯ ನಿಂಬೆ ತೋಟವಿರಲಿ, ಸಿಂದಗಿಯ ಕಬ್ಬಿನ ಹೊಲವಿರಲಿ, ಮುದ್ದೇಬಿಹಾಳದ ಹಿಟ್ಟಿನ ಗಿರಣಿಯಿರಲಿ, ಮೋಟಾರು ಸುಟ್ಟಾಗ ರೈತನ ಬಾಯಲ್ಲಿ ಬರುವ ಮಾತು ವೋಲ್ಟೇಜ್ ಇರಲಿಲ್ಲ ಎಂಬುದು. ನಮ್ಮ ಅಪ್ಪ ಪಂಪಿನ ಮೋಟಾರು ಬಿಚ್ಚಿಕೊಂಡು ರೀವೈಂಡಿಂಗಿಗೆ ಒಯ್ದದ್ದು ಒಂದೆರಡು ಸಲವಲ್ಲ. ವೋಲ್ಟೇಜ್ ಕಡಿಮೆಯಾದರೆ ಮೋಟಾರು ಏಕೆ ಸುಡಬೇಕು ಎಂದು ಹಲವರಿಗೆ ಅನುಮಾನ. ಮೋಟಾರಿನ ಲೆಕ್ಕ ಇಸ್ತ್ರಿಪೆಟ್ಟಿಗೆಯಷ್ಟು ಸರಳವಲ್ಲ. ಅಷ್ಟೇ ನೀರೆತ್ತಲು ಅದು ಹೆಚ್ಚು ಕರೆಂಟ್ ಎಳೆಯುತ್ತದೆ. ಕರೆಂಟ್ ಒಂದೂವರೆ ಪಟ್ಟಾದರೆ ವೈಂಡಿಂಗಿನ ಶಾಖ ಎರಡೂಕಾಲು ಪಟ್ಟಾಗುತ್ತದೆ. ಬೆಳೆ ಒಣಗುವ ಹೊತ್ತಿನಲ್ಲಿ ಮೋಟಾರು ಕೈಕೊಟ್ಟರೆ ಏನಾಗುತ್ತದೆಂದು ನಮ್ಮೂರಿನವರಿಗೆ ಹೇಳಬೇಕಾಗಿಲ್ಲ. ಸ್ಟಾರ್ಟರ್ ಒತ್ತುವ ಮುಂಚೆ ವೋಲ್ಟ್‌ಮೀಟರ್ ನೋಡುವ ಅಭ್ಯಾಸವೊಂದಿದ್ದರೆ ಎಷ್ಟೋ ಮೋಟಾರುಗಳು ಉಳಿಯುತ್ತವೆ.

ನಾನು ಇಂದು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ವೋಲ್ಟ್‌ಮೀಟರನ್ನು ಮೊದಲು ಮುಟ್ಟಿದ್ದು ನಮ್ಮ ಶಾಲೆಯ ಪ್ರಯೋಗಾಲಯದಲ್ಲೇ. ಜಗತ್ತು ನೆನಪಿಡುವ ನಿಯಮವೊಂದು ಹುಟ್ಟಿದ್ದು ಇಂಥದೇ ಒಂದು ಶಾಲೆಯ ಕೋಣೆಯಲ್ಲಿ. ಆದ್ದರಿಂದ ಹಳೆಯ ವಿದ್ಯಾರ್ಥಿಗಳಲ್ಲಿ ನನ್ನದೊಂದು ವಿನಂತಿ: ಈ ವರ್ಷದ ನೆನಪಿಗೆ ನಾವೆಲ್ಲ ಸೇರಿ ಪ್ರಯೋಗಾಲಯಕ್ಕೆ ಹೊಸ ಮೀಟರು, ತಂತಿ, ಬ್ಯಾಟರಿಗಳನ್ನು ಕೊಡಿಸೋಣ. ಮಕ್ಕಳು ಸೂತ್ರವನ್ನು ಬಾಯಿಪಾಠ ಮಾಡುವುದರ ಜೊತೆಗೆ ಕೈಯಾರೆ ಅಳೆದು ನೋಡಲಿ. ನಮ್ಮ ಶಾಲೆ ನೂರು ವರ್ಷ ಪೂರೈಸಲಿ.